ಮಾರ್ವೆಲ್ ವಿಲನಸ್: ಖಳನಾಯಕನ ಪಕ್ಷದಿಂದ ಆಡುವ ಆಟ

ಅಮೆರಿಕದ ಮಾರ್ವೆಲ್ ಸಂಸ್ಥೆಯ ಕಾಮಿಕ್ಸ್ ಪುಸ್ತಕಗಳ ಖಳನಾಯಕರನ್ನೇ ಆಟಗಾರರ ಕೈಗೆ ಕೊಡುವ ‘ಮಾರ್ವೆಲ್ ವಿಲನಸ್: ಇನ್ಫಿನಿಟ್ ಪವರ್’ ಎಂಬ ಕಾರ್ಡು ಮತ್ತು ಬೋರ್ಡಿನ ಆಟವನ್ನು ಈ ಮಳೆಗಾಲದುದ್ದಕ್ಕೂ ಕುಮಟಾದ ನಮ್ಮ ಮನೆಯಲ್ಲಿ ಆಡಿದ್ದೇವೆ. ಅದರ ಬಗ್ಗೆ ನನಗನ್ನಿಸಿದ್ದನ್ನು, ಕೊಳ್ಳಬೇಕೆಂದು ಯೋಚಿಸುತ್ತಿರುವ ನಮ್ಮ ಕಡೆಯವರಿಗೆ ಉಪಯೋಗವಾಗುವಂತೆ, ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಜರ್ಮನಿಯ ರಾವೆನ್ಸ್‌ಬರ್ಗರ್ ಕಂಪನಿ 2020ರಲ್ಲಿ ಈ ಆಟವನ್ನು ಹೊರತಂದಿತು. ರೂಪಿಸಿದವರು ಅಮೆರಿಕದ ಪ್ರಾಸ್ಪೆರೋ ಹಾಲ್ ಎಂಬ ವಿನ್ಯಾಸಕರ ತಂಡದವರು. ಇದೇ ತಂಡ 2018ರಲ್ಲಿ ಡಿಸ್ನಿ ಕಥೆಗಳ ದುಷ್ಟಪಾತ್ರಗಳನ್ನಿಟ್ಟುಕೊಂಡು ಮಾಡಿದ ಆಟವೇ ಇದರ ಮೂಲ. ಎರಡರಿಂದ ನಾಲ್ವರು ಆಡಬಹುದು, ಹನ್ನೆರಡು ವರ್ಷ ದಾಟಿದವರಿಗೆ ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ನಲವತ್ತರಿಂದ ಎಂಬತ್ತು ನಿಮಿಷಗಳ ಆಟವೆಂದೂ ಇದೆ. ಆ ಕೊನೆಯ ಮಾತನ್ನು ಹೊಸಬರು ನೆಚ್ಚಿಕೊಳ್ಳಬಾರದು. ಎಲ್ಲರೂ ಹೊಸಬರಾದ ಮೊದಲ ಸಂಜೆಗೆ ಅದರ ಇಮ್ಮಡಿ ಸಮಯ ಇಟ್ಟುಕೊಳ್ಳುವುದು ಒಳ್ಳೆಯದು.

ಪೆಟ್ಟಿಗೆಯಲ್ಲಿ ಐವರು ಖಳನಾಯಕರಿದ್ದಾರೆ: ಥಾನೋಸ್, ಹೆಲಾ, ಅಲ್ಟ್ರಾನ್, ಕಿಲ್‌ಮಾಂಗರ್ ಮತ್ತು ಟಾಸ್ಕ್‌ಮಾಸ್ಟರ್. ಪ್ರತಿಯೊಬ್ಬರಿಗೂ ಅವರದೇ ಒಂದು ಉದ್ದನೆಯ ಫಲಕವಿದೆ, ಅದರಲ್ಲಿ ನಾಲ್ಕು ಸ್ಥಳಗಳಿವೆ. ಅದು ಆ ಖಳನಾಯಕನ ನೆಲೆ. ಅವರದೇ ಒಂದು ಕಾಯಿ, ಅವರದೇ ಕಾರ್ಡುಗಳ ಕಟ್ಟು, ಅವರ ಗುರಿಯನ್ನೂ ಉಪಾಯಗಳನ್ನೂ ತಿಳಿಸುವ ಪುಟ್ಟ ಕೈಪಿಡಿ ಜೊತೆಗಿವೆ. ಎಲ್ಲರೂ ಒಂದೇ ಬೋರ್ಡಿನ ಮೇಲೆ ಓಡಾಡುವ ಲೂಡೋ, ಬ್ಯುಸಿನೆಸ್ ಆಟಗಳ ಅಭ್ಯಾಸವಿದ್ದವರಿಗೆ ಇಲ್ಲಿಯೇ ಮೊದಲ ಅಚ್ಚರಿ ಕಾದಿರುತ್ತದೆ, ಏಕೆಂದರೆ ಇಲ್ಲಿ ಎಲ್ಲರ ನಡುವೆ ಹಂಚಿಕೊಳ್ಳುವ ಬೋರ್ಡೇ ಇಲ್ಲ. ಪ್ರತಿಯೊಬ್ಬನೂ ತನ್ನ ಮುಂದಿರುವ ನೆಲೆಯಲ್ಲಿಯೇ ತನ್ನ ಕಾಯಿಯನ್ನು ನಡೆಸುತ್ತಾನೆ. ದಾಳವೂ ಇಲ್ಲ. ಸರದಿ ಬಂದಾಗ ಕಾಯಿಯನ್ನು ಇದ್ದಲ್ಲಿಂದ ಬೇರೊಂದು ಸ್ಥಳಕ್ಕೆ ಸರಿಸಲೇಬೇಕು, ಮತ್ತು ಹೋದ ಸ್ಥಳದಲ್ಲಿ ಚಿತ್ರಿಸಿರುವ ಕೆಲಸಗಳನ್ನು ಮಾತ್ರ ಮಾಡಬಹುದು: ಶಕ್ತಿಯ ಬಿಲ್ಲೆಗಳನ್ನು ಗಳಿಸುವುದು, ಬಿಲ್ಲೆ ತೆತ್ತು ಕೈಯಲ್ಲಿರುವ ಕಾರ್ಡು ಇಳಿಸುವುದು, ತನ್ನ ಪಡೆಯವನನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಳಿಸುವುದು, ನೆಲೆಗೆ ನುಗ್ಗಿದ ನಾಯಕನನ್ನು ಸೋಲಿಸುವುದು, ಬೇಡದ ಕಾರ್ಡು ಎಸೆಯುವುದು, ಮತ್ತು ಎದುರಾಳಿಯ ಮೇಲೆ ವಿಧಿಯ ಕಾರ್ಡು, ಅಂದರೆ ಅವನ ಕೆಲಸಕ್ಕೆ ಅಡ್ಡಿ ತರುವ ಕಾರ್ಡು, ಬಿಡುವುದು. ಎಲ್ಲ ಸ್ಥಳಗಳಲ್ಲಿ ಎಲ್ಲ ಕೆಲಸಗಳೂ ಸಿಗುವುದಿಲ್ಲ. ಆದ್ದರಿಂದ ಈಗ ಬೇಕಾದ ಕೆಲಸ ಎಲ್ಲಿದೆ ಎನ್ನುವುದರ ಜೊತೆಗೆ, ಮುಂದಿನ ಸರದಿಯಲ್ಲಿ ಎಲ್ಲಿಗೆ ಹೋಗಬೇಕಾದೀತು ಎಂಬುದನ್ನೂ ಈಗಲೇ ಯೋಚಿಸಬೇಕಾಗುತ್ತದೆ. ಇದ್ದಲ್ಲಿಯೇ ಇರುವಂತಿಲ್ಲ ಎಂಬ ಆ ಒಂದು ಚಿಕ್ಕ ನಿಯಮ ಇಡೀ ಆಟಕ್ಕೆ ಚಲನೆ ಕೊಟ್ಟಿದೆ.

ಆದರೆ ಈ ಆಟವನ್ನು ನಾನು ಮೆಚ್ಚಿದ್ದು ಯಂತ್ರದಂತೆ ಚೊಕ್ಕವಾಗಿ ಕೂಡಿಕೊಂಡಿರುವ ನಿಯಮಗಳಿಗಾಗಿ ಮಾತ್ರ ಅಲ್ಲ. ಐವರಿಗೂ ಗೆಲುವು ಬೇರೆಬೇರೆ ಎನ್ನುವುದು ಇದರ ಜೀವಾಳ. ಥಾನೋಸ್ ಅಪಾರ ಶಕ್ತಿಯ ಆರು ಇನ್ಫಿನಿಟಿ ಕಲ್ಲುಗಳನ್ನು ಕೂಡಿಹಾಕಬೇಕು. ಹೆಲಾಳಿಗೆ ಸತ್ತವರ ಆತ್ಮಗಳೂ ದೇವತೆಗಳ ರಾಜ ಓಡಿನ್‌ನ ಭಂಡಾರವೂ ಬೇಕು. ಅಲ್ಟ್ರಾನ್ ಎಂಬ ಯಂತ್ರಮಾನವನು ಹಂತಹಂತವಾಗಿ ತನ್ನನ್ನು ತಾನು ಉನ್ನತಗೊಳಿಸಿಕೊಳ್ಳುತ್ತ ತನ್ನ ಯುಗವನ್ನು ಸ್ಥಾಪಿಸಬೇಕು. ಕಿಲ್‌ಮಾಂಗರನ ಕಣ್ಣು ವಕಾಂಡ ಎಂಬ ಕಾಲ್ಪನಿಕ ಆಫ್ರಿಕನ್ ರಾಜ್ಯದ ಮೇಲಿದೆ. ಟಾಸ್ಕ್‌ಮಾಸ್ಟರ್ ತನ್ನ ಪಡೆಯವರನ್ನು ತರಬೇತಿಯಿಂದ ಬಲಪಡಿಸಿ ನೆಲೆಯ ಬೇರೆಬೇರೆ ಸ್ಥಳಗಳಲ್ಲಿ ನಿಲ್ಲಿಸಬೇಕು. ಒಬ್ಬನಿಗೆ ಅಮೂಲ್ಯವಾದದ್ದು ಪಕ್ಕದವನಿಗೆ ಏನೂ ಅಲ್ಲ. ಹೀಗಾಗಿ ಒಂದೇ ಮೇಜಿನ ಸುತ್ತ ಕುಳಿತ ನಾಲ್ವರು ನಾಲ್ಕು ಬೇರೆ ಆಟಗಳನ್ನು ಆಡುತ್ತಿರುವಂತೆ ಮೊದಲು ತೋರುತ್ತದೆ. ಎದುರಿನವನ ಗುರಿ ಏನು, ಅದರ ಎಷ್ಟನೇ ಮೆಟ್ಟಿಲಲ್ಲಿ ಅವನಿದ್ದಾನೆ ಎಂಬುದನ್ನು ಗಮನಿಸುತ್ತ ಹೋದ ಹಾಗೆ ಅವೆಲ್ಲ ಒಂದೇ ಆಟವಾಗುತ್ತವೆ.

ಯಕ್ಷಗಾನದ ನೆಲದವರಿಗೆ ಇದು ಬೇಗ ಒಗ್ಗುತ್ತದೆ ಎಂಬುದು ನನ್ನ ಅನುಭವ. ನಮ್ಮಲ್ಲಿ ಪ್ರತಿನಾಯಕನ ಪಾತ್ರವನ್ನು ಯಾರೂ ಕಡಿಮೆಯೆಂದು ತಿಳಿದಿಲ್ಲ. ಕೀಚಕನನ್ನೂ ಭಸ್ಮಾಸುರನನ್ನೂ ದುಷ್ಟಬುದ್ಧಿಯನ್ನೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಪಾತ್ರಗಳೆಂದೇ ಜನ ನೆನೆಯುತ್ತಾರೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯವರ ಬಾಯಲ್ಲಿದ್ದದ್ದು ಇಂತಹ ಪಾತ್ರಗಳ ಮಾತೇ. ಮೇಳಗಳ ತಿರುಗಾಟ ಮುಗಿದ ಮಳೆಗಾಲದಲ್ಲಿ ನಡೆಯುವ ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ, ಮಾತೊಂದೇ. ಅಲ್ಲಿ ರಾವಣನ ಅರ್ಥ ಹೇಳುವವರು ರಾವಣನ ಪಕ್ಷವನ್ನು ಪೂರ್ತಿಯಾಗಿ ಹಿಡಿದೇ ವಾದಿಸಬೇಕು. ತಾನು ಕೆಟ್ಟವನೆಂದು ಆರಂಭದಲ್ಲಿಯೇ ಒಪ್ಪಿಕೊಂಡರೆ ಎದುರಿಗೆ ಕುಳಿತವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಈ ಆಟವೂ ಆಟಗಾರನಿಂದ ಅದನ್ನೇ ಕೇಳುತ್ತದೆ. ಥಾನೋಸ್‌ನನ್ನು ಹಿಡಿದವನು ಆ ಹೊತ್ತಿನ ಮಟ್ಟಿಗೆ ಕಲ್ಲುಗಳು ತನ್ನ ಹಕ್ಕೆಂದೇ ತಿಳಿದು ಯೋಚಿಸಬೇಕು. ಅವನ ನೆಲೆಗೆ ಬಂದಿಳಿಯುವ ನಾಯಕರು ಲೋಕೋದ್ಧಾರಕರಾಗಿ ಕಾಣುವುದಿಲ್ಲ, ಕೆಲಸಕ್ಕೆ ಅಡ್ಡ ಬರುವವರಾಗಿ ಕಾಣುತ್ತಾರೆ.

ಆ ಅಡ್ಡಿ ಬರುವ ರೀತಿಯೂ ಚೆನ್ನಾಗಿದೆ. ಪ್ರತಿ ಸ್ಥಳದ ಕೆಲಸಗಳ ಚಿಹ್ನೆಗಳು ಮೇಲೆ ಕೆಲವು, ಕೆಳಗೆ ಕೆಲವು ಇರುತ್ತವೆ. ಎದುರಾಳಿ ವಿಧಿಯ ಕಟ್ಟಿನಿಂದ ನಾಯಕನ ಕಾರ್ಡೊಂದನ್ನು ತೆಗೆದು ನಿಮ್ಮ ನೆಲೆಯ ಒಂದು ಸ್ಥಳದ ಮೇಲ್ತುದಿಗೆ ಇಟ್ಟರೆ ಅಲ್ಲಿನ ಮೇಲಿನ ಚಿಹ್ನೆಗಳು ಮುಚ್ಚಿಹೋಗುತ್ತವೆ, ಮತ್ತು ಆ ನಾಯಕನನ್ನು ಸೋಲಿಸುವ ತನಕ ಅವು ನಿಮ್ಮ ಪಾಲಿಗೆ ಇಲ್ಲ. ಸೋಲಿಸಬೇಕೆಂದರೆ ಅದೇ ಸ್ಥಳದಲ್ಲಿ ಅವನ ಬಲಕ್ಕೆ ಸರಿಸಮನಾದ ನಿಮ್ಮ ಪಡೆಯವರು ಇರಬೇಕು, ಮತ್ತು ಹೋರಾಡಿದವರು ಸಾಮಾನ್ಯವಾಗಿ ಅಲ್ಲಿಗೇ ಮುಗಿದು ಎಸೆದ ಕಾರ್ಡುಗಳ ಗುಂಪಿಗೆ ಸೇರುತ್ತಾರೆ. ನಿಮ್ಮ ಗುರಿಗಾಗಿ ಜತನದಿಂದ ಕೂಡಿಸಿದ ಪಡೆಯನ್ನು ಹೀಗೆ ಖರ್ಚು ಮಾಡಬೇಕೇ, ಅಥವಾ ಆ ಸ್ಥಳವನ್ನು ಕೈಬಿಟ್ಟು ಉಳಿದ ಮೂರರಲ್ಲಿಯೇ ಸುತ್ತಬೇಕೇ ಎಂಬ ಪ್ರಶ್ನೆ ಆಟದ ನಡುವೆ ಮತ್ತೆಮತ್ತೆ ಎದುರಾಗುತ್ತದೆ. ಪ್ರತಿ ಸಲವೂ ಉತ್ತರ ಬೇರೆ. ಕಾರ್ಡಾಟಗಳಲ್ಲಿ ಇಷ್ಟು ಸರಳವಾದ ಉಪಾಯದಿಂದ ಇಷ್ಟು ಯೋಚನೆ ಹುಟ್ಟಿಸುವುದನ್ನು ನಾನು ಬೇರೆ ಕಡೆ ಕಂಡಿಲ್ಲ.

ಮೂಲದ ಡಿಸ್ನಿ ಆಟಕ್ಕೂ ಇದಕ್ಕೂ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ಅಲ್ಲಿ ಪ್ರತಿ ಖಳನಿಗೂ ಅವನದೇ ವಿಧಿಯ ಕಟ್ಟು. ಅವನ ಕಥೆಯ ನಾಯಕರೇ ಬಂದು ಅವನನ್ನು ಕಾಡುತ್ತಾರೆ. ಇಲ್ಲಿ ಎಲ್ಲರಿಗೂ ಸೇರಿ ಒಂದೇ ವಿಧಿಯ ಕಟ್ಟು. ಸಾಮಾನ್ಯವಾದ ಕಾರ್ಡುಗಳ ಜೊತೆಗೆ ಆಡುತ್ತಿರುವ ಖಳನಾಯಕರಿಗೆ ಸಂಬಂಧಿಸಿದವುಗಳನ್ನು ಬೆರೆಸಿ ಅದನ್ನು ಸಿದ್ಧಪಡಿಸಬೇಕು. ಇದರಿಂದ ಒಂದು ಲಾಭ, ಒಂದು ನಷ್ಟ. ಯಾವ ನಾಯಕ ಯಾರ ಪಾಲಿಗೆ ಬರುತ್ತಾನೆಂದು ತಿಳಿಯದಿರುವುದರಿಂದ ಎಲ್ಲರ ಕಣ್ಣೂ ಆ ಕಟ್ಟಿನ ಮೇಲಿರುತ್ತದೆ. ಆದರೆ ಕಥೆಯ ಕಟ್ಟು ಸ್ವಲ್ಪ ಸಡಿಲವಾಗುತ್ತದೆ: ಇಂತಹ ಖಳನಿಗೆ ಇಂತಹವನೇ ಎದುರಾಳಿ ಎಂಬ ಔಚಿತ್ಯ ಡಿಸ್ನಿ ಆಟದಲ್ಲಿ ಇದ್ದಷ್ಟು ಇಲ್ಲಿ ಇಲ್ಲ. ಔಚಿತ್ಯಪ್ರಿಯನಾದ ನನಗೆ ಇದು ನಿಜವಾದ ಕೊರತೆಯೆಂದೇ ತೋರುತ್ತದೆ. ನಮ್ಮ ಮನೆಯ ಮಕ್ಕಳಿಗೆ ಮಾತ್ರ ಅದರ ಪರಿವೆಯೇ ಇಲ್ಲ.

ವಿಧಿಯ ಕಟ್ಟಿನಲ್ಲಿ ನಾಯಕರ ಜೊತೆಗೆ ‘ಈವೆಂಟ್’ ಕಾರ್ಡುಗಳೂ ಇವೆ. ಕೆಲವು ಒಬ್ಬನನ್ನು ಮಾತ್ರ ಕಟ್ಟಿಹಾಕುತ್ತವೆ. ಕೆಲವು ಮೇಜಿನ ನಡುವೆ ಬಿದ್ದು ಎಲ್ಲರನ್ನೂ ಕಾಡುತ್ತವೆ. ಅದನ್ನು ತೊಲಗಿಸಬೇಕಾದರೆ ತಮ್ಮ ನೆಲೆಯಿಂದ ಪಡೆಯವರನ್ನು ಅಲ್ಲಿಗೆ ಕಳಿಸಬೇಕು. ಒಟ್ಟು ಬಲ ಸಾಕಷ್ಟಾದಾಗ ಅದು ತೀರುತ್ತದೆ. ಈ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ತೊಂದರೆ ಎಲ್ಲರದೂ, ಖರ್ಚು ಮಾತ್ರ ಕಳಿಸಿದವನದು. ಕಡಿಮೆ ಕಷ್ಟವಾಗುತ್ತಿರುವವನು ಸುಮ್ಮನಿದ್ದು ಕಾಯುತ್ತಾನೆ, ಹೆಚ್ಚು ಕಷ್ಟದಲ್ಲಿರುವವನು ಬೇರೆಯವರ ಮನವೊಲಿಸಲು ತೊಡಗುತ್ತಾನೆ, ಒಪ್ಪಂದಗಳಾಗುತ್ತವೆ. ಒಂದು ಸಂಜೆ ನಡುವೆ ಬಿದ್ದ ಇಂತಹ ಕಾರ್ಡು ಯಾರೂ ಮುಟ್ಟದೆ ಬಹಳ ಹೊತ್ತು ಹಾಗೆಯೇ ಇತ್ತು. ಹೆಲಾಳನ್ನು ಆಡುತ್ತಿದ್ದ ನನ್ನ ಮಗಳು ಒಬ್ಬನನ್ನು ಅಲ್ಲಿಗೆ ಕಳಿಸಿ, ಇನ್ನೊಬ್ಬನನ್ನು ಕಿಲ್‌ಮಾಂಗರ್ ಕಳಿಸಿದರೆ ಸಾಕೆಂದು ತಮ್ಮನನ್ನು ಒಪ್ಪಿಸಿದಳು. ಅವನು ಕಳಿಸಿದ. ಈವೆಂಟ್ ತೀರಿತು, ಆದರೆ ಅವನ ನೆಲೆಯಲ್ಲಿ ನಾಯಕನ ಎದುರು ನಿಲ್ಲಬಲ್ಲ ಒಬ್ಬನೇ ಒಬ್ಬನಿದ್ದವನೂ ಅದರೊಡನೆ ಹೋದ, ಮತ್ತು ಅಕ್ಕ ತನ್ನ ಮುಂದಿನ ಸರದಿಯಲ್ಲಿಯೇ ಅವನ ಮೇಲೆ ವಿಧಿಯ ಕಾರ್ಡು ಬಿಟ್ಟಳು. ನಿಯಮದ ಪುಸ್ತಕದಲ್ಲಿ ಮನವೊಲಿಸುವ ಬಗ್ಗೆ ಅಧ್ಯಾಯವೇನೂ ಇಲ್ಲ. ಅದು ಮೇಜಿನ ಸುತ್ತ ತಾನಾಗಿ ಹುಟ್ಟುತ್ತದೆ.

ಐವರಲ್ಲಿ ನನ್ನ ಆಯ್ಕೆ ಥಾನೋಸ್. ಅವನ ಕಲ್ಲುಗಳು ಅವನಲ್ಲಿಗೇ ಬಂದು ಬೀಳುವುದಿಲ್ಲ. ಎದುರಾಳಿಗಳ ನೆಲೆಗೆ ಹೋಗಿ ಸೇರಿಬಿಡುತ್ತವೆ, ಮತ್ತು ಅವುಗಳನ್ನು ತರಲು ತನ್ನ ಪಡೆಯವರನ್ನು ಅಲ್ಲಿಗೆ ಕಳಿಸಬೇಕಾಗುತ್ತದೆ. ಉಳಿದವರು ತಮ್ಮ ಪಾಡಿಗೆ ಇರಲು ಸಾಧ್ಯವಾಗದಂತೆ ಮಾಡುವವನು ಇವನೇ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಂದಿದ್ದ ನನ್ನ ಭಾವ ತನ್ನ ನೆಲೆಗೆ ಕಲ್ಲು ಬಂದದ್ದೇ ತಡ, ‘ಭಾವ, ಈ ಕಲ್ಲು ಆನು ಕೊಡ್ತ್ನಿಲ್ಲೆ, ಬೇಕಾರೆ ಬಂದು ತಗ’ ಎಂದು ತನ್ನ ಕಾವಲಿನವರನ್ನೆಲ್ಲ ಅಲ್ಲಿಗೇ ಜಮಾಯಿಸಿದ್ದರಿಂದ ಅವನ ಸ್ವಂತ ಗುರಿ ಹಿಂದೆ ಬಿತ್ತು. ಕಲ್ಲು ನನಗೆ ಸಿಗಲಿಲ್ಲ, ಅವನು ಗೆಲ್ಲಲೂ ಇಲ್ಲ. ಯಾರೂ ಗಮನಿಸದೆ ಬಿಟ್ಟಿದ್ದ ಟಾಸ್ಕ್‌ಮಾಸ್ಟರ್ ತನ್ನವರನ್ನು ಒಬ್ಬೊಬ್ಬರಾಗಿ ಬಲಪಡಿಸಿ ಆಟ ಮುಗಿಸಿದ. ಈ ಆಟದಲ್ಲಿ ಸದ್ದಿಲ್ಲದೆ ಕೆಲಸ ಮಾಡುವ ಖಳನಾಯಕನನ್ನೇ ಹೆಚ್ಚು ನೋಡುತ್ತಿರಬೇಕು. ಅಲ್ಟ್ರಾನ್ ಕೂಡ ಅಂತಹವನೇ: ಆರಂಭದಲ್ಲಿ ಬಡಪಾಯಿಯಂತೆ ಕಾಣುವ ಅವನು ಒಂದೊಂದು ಹಂತ ಮುಗಿಸಿದ ಹಾಗೆ ಬೇರೆಯೇ ಆಗಿಬಿಡುತ್ತಾನೆ. ಹೆಲಾ ಲೆಕ್ಕಾಚಾರದವರಿಗೆ ಹಿಡಿಸುತ್ತಾಳೆ. ಕಿಲ್‌ಮಾಂಗರ್ ನನಗೆ ಅಷ್ಟಾಗಿ ಹತ್ತಲಿಲ್ಲ. ಅವನ ದಾರಿ ತುಂಬ ನಿಗದಿತವಾಗಿದ್ದು, ಬೇಕಾದ ಕಾರ್ಡು ಕಟ್ಟಿನ ತಳದಲ್ಲಿ ಕುಳಿತರೆ ಸರದಿಯ ಮೇಲೆ ಸರದಿ ಕಾರ್ಡು ಎಸೆದು ಹೊಸದನ್ನು ತೆಗೆಯುವುದರಲ್ಲಿಯೇ ಕಳೆದುಹೋಗುತ್ತದೆ. ಕೈಯಲ್ಲಿ ಒಂದು ಹೊತ್ತಿಗೆ ಇರುವುದು ನಾಲ್ಕೇ ಕಾರ್ಡುಗಳಾದ್ದರಿಂದ ಈ ತೊಂದರೆ ಎಲ್ಲ ಖಳರಿಗೂ ಸ್ವಲ್ಪಮಟ್ಟಿಗೆ ಇದೆ. ಆದ್ದರಿಂದ ಕಾರ್ಡು ಎಸೆಯುವ ಚಿಹ್ನೆಯಿರುವ ಸ್ಥಳವನ್ನು ಹೊಸಬರು ಕಡೆಗಣಿಸಬಾರದು. ಕಟ್ಟು ಬೇಗ ತಿರುಗಿದಷ್ಟೂ ಒಳ್ಳೆಯದು.

ಚಿತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿನಿಮಾ ನೋಡಿ ಬಂದವರು ಇಲ್ಲಿ ನಟರ ಮುಖಗಳನ್ನು ಹುಡುಕಿದರೆ ಸಿಗುವುದಿಲ್ಲ. ಎಲ್ಲವೂ ಕಾಮಿಕ್ಸ್ ಪುಟಗಳ ಶೈಲಿಯಲ್ಲಿವೆ, ದಟ್ಟ ಬಣ್ಣ, ಗಟ್ಟಿ ರೇಖೆ. ಇದೇ ಸರಿ ಎಂದು ನಾನು ತಿಳಿಯುತ್ತೇನೆ, ಏಕೆಂದರೆ ಈ ಪಾತ್ರಗಳೆಲ್ಲ ಹುಟ್ಟಿದ್ದು ಆ ಪುಟಗಳಲ್ಲಿಯೇ. ಹೆಲಾ 1964ರಲ್ಲಿ ಸ್ಟಾನ್ ಲೀ ಮತ್ತು ಜಾಕ್ ಕಿರ್ಬಿ ಅವರ ಕೈಯಲ್ಲಿ ಮೂಡಿದವಳು. ಅಲ್ಟ್ರಾನ್‌ನನ್ನು 1968ರಲ್ಲಿ ರಾಯ್ ಥಾಮಸ್ ಮತ್ತು ಜಾನ್ ಬುಸೇಮಾ ತಂದರು. ಥಾನೋಸ್ 1973ರಲ್ಲಿ ಜಿಮ್ ಸ್ಟಾರ್ಲಿನ್ ಅವರಿಂದ ಬಂದ; ಕಿಲ್‌ಮಾಂಗರ್ ಕೂಡ ಅದೇ ವರ್ಷದವನು. ಎದುರಾಳಿಯ ಚಲನೆಯನ್ನು ಒಮ್ಮೆ ನೋಡಿದರೆ ಹಾಗೆಯೇ ಅನುಕರಿಸಬಲ್ಲ ಟಾಸ್ಕ್‌ಮಾಸ್ಟರ್ ಇವರಲ್ಲಿ ಕಿರಿಯ, 1980ರವನು. ಕಲಿಸುವುದೇ ಅವನ ಕಸುಬು ಎಂಬ ಕಾಮಿಕ್ಸ್‌ನ ಸಂಗತಿಯನ್ನು ಆಟದಲ್ಲಿ ಅವನ ಗುರಿಯಾಗಿ ಮಾಡಿರುವುದು ವಿನ್ಯಾಸಕಾರರ ಎಚ್ಚರವನ್ನು ತೋರಿಸುತ್ತದೆ. ಕಾಯಿಗಳು ಯಥಾವತ್ ಗೊಂಬೆಗಳಲ್ಲ, ಆಯಾ ಪಾತ್ರವನ್ನು ಸೂಚಿಸುವಂತೆ ಕೊರೆದ ಆಕೃತಿಗಳು. ಕೈಯಲ್ಲಿ ಹಿಡಿದರೆ ಹಿತವೆನಿಸುತ್ತದೆ. ಗೊಂಬೆಗಳನ್ನು ನಿರೀಕ್ಷಿಸಿದ ಮಕ್ಕಳಿಗೆ ಮಾತ್ರ ಸ್ವಲ್ಪ ನಿರಾಸೆಯಾದೀತು.

ಇನ್ನು ತೊಡಕುಗಳು. ಮೊದಲನೆಯದು ಭಾಷೆ. ಪ್ರತಿ ಕಾರ್ಡಿನಲ್ಲೂ ಎರಡು ಮೂರು ಸಾಲಿನ ಇಂಗ್ಲಿಷ್ ಬರಹವಿದೆ, ಅಕ್ಷರ ಚಿಕ್ಕದು, ಮತ್ತು ಅದರಲ್ಲಿನ ಒಂದು ಪದ ತಪ್ಪಿದರೂ ಕಾರ್ಡಿನ ಅರ್ಥ ಬೇರೆಯಾಗುತ್ತದೆ. ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳು ಚುರುಕಾಗಿಯೇ ಆಡುತ್ತಾರೆ, ಆದರೆ ಪ್ರತಿ ಕಾರ್ಡಿಗೂ ಪಕ್ಕದವರನ್ನು ಕೇಳಬೇಕಾದಾಗ ಗುಟ್ಟು ಉಳಿಯುವುದಿಲ್ಲ. ನಾವು ಐದೂ ಕೈಪಿಡಿಗಳ ಸಾರವನ್ನು ಒಬ್ಬೊಬ್ಬ ಖಳನಿಗೆ ಒಂದು ಹಾಳೆಯಂತೆ ಕನ್ನಡದಲ್ಲಿ ಬರೆದಿಟ್ಟುಕೊಂಡೆವು: ಗುರಿ ಏನು, ಅದಕ್ಕೆ ಬೇಕಾದ ಮುಖ್ಯ ಕಾರ್ಡುಗಳು ಯಾವುವು, ಯಾವ ಕಾರ್ಡನ್ನು ಎಸೆಯಬಾರದು. ಅದಾದ ಮೇಲೆ ನನ್ನ ತಾಯಿಯೂ ಒಮ್ಮೆ ಕುಳಿತು ಅಲ್ಟ್ರಾನ್‌ನನ್ನು ಆಡಿದರು. ಇಂತಹ ಹಾಳೆ ಬರೆದುಕೊಳ್ಳುವ ತಾಳ್ಮೆಯಿಲ್ಲದ ಮನೆಗೆ ಈ ಆಟವನ್ನು ನಾನು ಶಿಫಾರಸು ಮಾಡಲಾರೆ.

ಎರಡನೆಯದು ಆಟಗಾರರ ಸಂಖ್ಯೆ. ಮೂವರಿದ್ದರೆ ಈ ಆಟ ಅತ್ಯುತ್ತಮ. ಇಬ್ಬರೇ ಆದರೆ ವಿಧಿಯ ಕಾರ್ಡು ಯಾರ ಮೇಲೆ ಬಿಡಬೇಕೆಂಬ ಆಯ್ಕೆಯೇ ಇರುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ಕುಟ್ಟುತ್ತ ಕೂರಬೇಕು, ಆ ಮನವೊಲಿಕೆ, ಆ ಕಾಯುವಿಕೆ ಎಲ್ಲ ಹೊರಟುಹೋಗುತ್ತದೆ. ನಾಲ್ವರಾದರೆ ಮೇಜು ತುಂಬುತ್ತದೆ, ಮಾತೂ ತುಂಬುತ್ತದೆ, ಆದರೆ ಯೋಚಿಸುವವರೊಬ್ಬರಿದ್ದರೆ ನಿಮ್ಮ ಸರದಿ ಬರುವ ಹೊತ್ತಿಗೆ ಒಂದು ಕವಳ ಹಾಕಿ ಮುಗಿಸಬಹುದು. ಮೂರನೆಯದಾಗಿ, ಎಲ್ಲ ಖಳರ ದಾರಿಯೂ ಸಮಾನ ಕಷ್ಟದ್ದಲ್ಲ. ಅನುಭವಿಗಳ ನಡುವೆ ವಿಧಿಯ ಕಾರ್ಡುಗಳೇ ಇದನ್ನು ಸರಿದೂಗಿಸುತ್ತವೆ, ಏಕೆಂದರೆ ಮುಂದಿರುವವನನ್ನು ಎಲ್ಲರೂ ಸೇರಿ ತಡೆಯುತ್ತಾರೆ. ಹೊಸಬರ ನಡುವೆ ಮುಂದಿರುವವನು ಯಾರೆಂದೇ ತಿಳಿಯದಿರುವುದರಿಂದ ಅಸಮತೋಲನ ಎದ್ದು ಕಾಣುತ್ತದೆ.

ಕರಾವಳಿಯವರಿಗೆಂದೇ ಹೇಳಬೇಕಾದದ್ದು ಹಸಿಯ ವಿಚಾರ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುವ ಊರು ನಮ್ಮದು. ಕಾಗದದ ಕಾರ್ಡುಗಳು ಬಾಗದೆ ಉಳಿಯುವುದು ಹೇಗೆ? ಹಲವು ಕಾರ್ಡುಗಳು ಆಷಾಢ ಕಳೆಯುವ ಹೊತ್ತಿಗೆ ಸ್ವಲ್ಪ ಬಿಲ್ಲಿನಂತಾದವು, ಕಟ್ಟು ಕಲಸುವಾಗ ಒಂದಕ್ಕೊಂದು ಅಂಟತೊಡಗಿದವು. ಕಾರ್ಡುಗಳಿಗೆ ತೊಡಿಸುವ ಪಾರದರ್ಶಕ ಪ್ಲಾಸ್ಟಿಕ್ ಲಕೋಟೆಗಳನ್ನು ಆಟದ ಜೊತೆಗೇ ತರಿಸಿಕೊಳ್ಳಿ. ಅವುಗಳ ಖರ್ಚನ್ನೂ ಆಟದ ಬೆಲೆಯೆಂದೇ ಎಣಿಸಿ. ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡೀ ಪೆಟ್ಟಿಗೆಯನ್ನೇ ಇಟ್ಟರೆ ಇನ್ನೂ ಒಳ್ಳೆಯದು. ಕರೆಂಟು ಹೋದಾಗ ಎಮರ್ಜೆನ್ಸಿ ದೀಪದಲ್ಲಿ ಆಡಲು ಫಲಕಗಳ ಬಣ್ಣಗಳು ತೊಂದರೆ ಕೊಡುವುದಿಲ್ಲ, ಆದರೆ ಕಾರ್ಡಿನ ಚಿಕ್ಕ ಅಕ್ಷರಗಳನ್ನು ಆ ಬೆಳಕಿನಲ್ಲಿ ಓದುವುದು ಕಷ್ಟ.

ಬೆಲೆ ಕಡಿಮೆಯಲ್ಲ. ಹೊರದೇಶದಿಂದ ಬರುವ ಸರಕಾದ್ದರಿಂದ ಕೆಲವು ಸಾವಿರ ರೂಪಾಯಿ ಎಣಿಸಬೇಕು, ಮತ್ತು ಮಾರುವವರಿಂದ ಮಾರುವವರಿಗೆ ದರದಲ್ಲಿ ದೊಡ್ಡ ಅಂತರವಿರುತ್ತದೆ. ನಮ್ಮ ಪೇಟೆಯ ಆಟಿಕೆ ಅಂಗಡಿಗಳಲ್ಲಿ ಕೇರಂ, ಚೆಸ್‌ಗಳ ಆಚೆಗೆ ಇಂತಹದ್ದು ನನಗೆ ಕಾಣಸಿಗಲಿಲ್ಲ, ಆನ್‌ಲೈನ್‌ನಲ್ಲಿಯೇ ತರಿಸಬೇಕಾಯಿತು. ಮಳೆಗಾಲದಲ್ಲಿ ತರಿಸುವವರು ಪಾರ್ಸೆಲ್ ಕೈಗೆ ಬಂದ ಕೂಡಲೇ ಬಿಚ್ಚಿ ಮೂಲೆಗಳು ನೆಂದಿವೆಯೇ ಎಂದು ನೋಡಿಕೊಳ್ಳಬೇಕು. ಇಷ್ಟು ಕೊಟ್ಟು ಕೊಳ್ಳಬಹುದೇ ಎಂದರೆ, ವಾರಕ್ಕೊಮ್ಮೆಯಾದರೂ ಕೂಡಿ ಕೂರುವ ಮೂವರು ನಿಮ್ಮಲ್ಲಿದ್ದರೆ ಧಾರಾಳವಾಗಿ ಕೊಳ್ಳಬಹುದು ಎನ್ನುತ್ತೇನೆ. ಐವರು ಖಳರೂ ಅವರ ನೂರಾರು ಕಾರ್ಡುಗಳೂ ಒಂದು ಮಳೆಗಾಲದಲ್ಲಿ ತೀರುವಂತಹವಲ್ಲ. ಯಾರ ಎದುರು ಯಾರು ಎಂಬುದು ಬದಲಾದರೆ ಹಳೆಯ ಉಪಾಯ ನಡೆಯುವುದಿಲ್ಲ.

ಮುಂದೆ ಬೆಳೆಸಬಯಸುವವರಿಗೆ ಲೋಕಿ, ಮಾಡಂ ಮಾಸ್ಕ್ ಮತ್ತು ಮೋಡಾಕ್ ಇರುವ ಇನ್ನೊಂದು ಪೆಟ್ಟಿಗೆ 2021ರಲ್ಲಿ ಬಂದಿದೆ. ಅದನ್ನು ಪ್ರತ್ಯೇಕವಾಗಿಯೂ ಆಡಬಹುದು, ಇದರೊಡನೆ ಕೂಡಿಸಿಯೂ ಆಡಬಹುದು. ಆದರೆ ಡಿಸ್ನಿ ಆಟದ ಖಳರನ್ನು ಇದರೊಡನೆ ಬೆರೆಸಲು ಬರುವುದಿಲ್ಲ. ವಿಧಿಯ ಕಟ್ಟಿನ ವ್ಯವಸ್ಥೆಯೇ ಬೇರೆ. ಹೆಸರು ಒಂದೇ ಎಂದು ನಂಬಿ ಎರಡನ್ನೂ ಒಟ್ಟಿಗೆ ಕೊಳ್ಳಬೇಡಿ.

ಮೊದಲ ಸಲ ಆಡುವವರ ಕೈಗೆ ಥಾನೋಸ್‌ನನ್ನು ಕೊಡಬೇಡಿ, ಅವನು ಎಷ್ಟೇ ಹೆಸರಾದವನಾಗಿದ್ದರೂ. ಹೊಸಬರಿಗೆ ಟಾಸ್ಕ್‌ಮಾಸ್ಟರ್ ಒಳ್ಳೆಯವನು: ಗುರಿ ಕಣ್ಣಿಗೆ ಕಾಣುವಂತಹದ್ದು, ಕೆಲಸ ತನ್ನ ನೆಲೆಯೊಳಗೆ. ಪಕ್ಕದಲ್ಲಿ ಅಲ್ಟ್ರಾನ್‌ನನ್ನು ಕೂರಿಸಿ, ಮೂರನೆಯವರಾಗಿ ನಿಯಮ ತಿಳಿದವರೇ ಹೆಲಾಳನ್ನು ಹಿಡಿಯಲಿ. ಮತ್ತು ಕೈಪಿಡಿಗಳನ್ನು ಆಟದ ಹಿಂದಿನ ದಿನವೇ ಅವರವರಿಗೆ ಓದಲು ಕೊಟ್ಟುಬಿಡಿ.